ಜ್ವರ ಬಿಟ್ಟ ಮೇಲೆ ಶುರುವಾಗುವ ಕಥೆ: ಡೆಂಗಿ ಮತ್ತು ನಮ್ಮೊಳಗಿನ ಕಾವಲು ಪಡೆ



ಕಳೆದ ಮಳೆಗಾಲದಲ್ಲಿ ನಮ್ಮ ಕನ್ನಡ ಬಳಗದ ಗೆಳೆಯನೊಬ್ಬ ಊರಿಗೆ ಹೋದವನು ವಾರವಾದರೂ ತಿರುಗಿ ಬರಲಿಲ್ಲ. ಅವನ ಊರು ಭಟ್ಕಳ ತಾಲೂಕಿನ ಮಾವಳ್ಳಿ. "ಮುರ್ಡೇಶ್ವರ ನೋಡೋಕೆ ಬರೋರೆಲ್ಲ ಕಾಲಿಡೋದು ನಮ್ಮ ಮಾವಳ್ಳಿಯಲ್ಲೇ, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ ಮಾರಾಯ" ಅಂತ ಆಗಾಗ ನಗೆಯಾಡುವವನು. ಸೋಮವಾರ ರಾತ್ರಿ ಅವನಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಸೊಂಟ ಮುರಿದ ಹಾಗೆ ನೋವು, ಹಾಸಿಗೆಯಿಂದ ಏಳೋಕೆ ಆಗದಷ್ಟು ಸುಸ್ತು. ಬುಧವಾರ ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು. ಶುಕ್ರವಾರ ಬೆಳಗ್ಗೆ ಜ್ವರ ಬಿಟ್ಟಿತು. ಅಮ್ಮ ಗಂಜಿ ಮಾಡಿ ಕೊಟ್ಟರು, ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನಾವೂ ಗ್ರೂಪಿನಲ್ಲಿ ಬರೆದೆವು: "ಹಾಗಾದ್ರೆ ಸಂಜೆ ಬಸ್ಸಿಗೆ ಹೊರಡು, ಸೋಮವಾರ ಪ್ರಾಜೆಕ್ಟ್ ರಿವ್ಯೂ ಇದೆ."

ಅವನು ಬಸ್ಸು ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ, ನಾಲ್ಕು ಸಲ ವಾಂತಿಯಾಗಿತ್ತು, ಕೈಕಾಲು ತಣ್ಣಗಾಗಿದ್ದವು. ಅಪ್ಪ ಆಟೋ ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. "ಜ್ವರ ಬಿಟ್ಟಿದೆ ಡಾಕ್ಟ್ರೇ, ಆದ್ರೂ ಯಾಕೆ ಹೀಗೆ?" ಅಂತ ಅವರು ಕೇಳಿದರೆ ವೈದ್ಯರು ಹೇಳಿದ್ದು ಇಷ್ಟೇ: "ಜ್ವರ ಬಿಟ್ಟ ದಿನವೇ ಹೆಚ್ಚು ಹುಷಾರಾಗಿರಬೇಕು."

ಆ ಮಾತು ನಮ್ಮನ್ನು ಬಿಡಲೇ ಇಲ್ಲ. ನಾವು ಹೇಳಿದಂತೆ ಅವನು ಆವತ್ತು ಸಂಜೆ ಬಸ್ಸು ಹತ್ತಿದ್ದರೆ ರಾತ್ರಿ ಘಟ್ಟದ ದಾರಿಯಲ್ಲಿ ಏನಾಗುತ್ತಿತ್ತು? ಜ್ವರ ಇಳಿದರೆ ಕಾಯಿಲೆ ವಾಸಿ ಅಂತ ತಾನೇ ನಾವೆಲ್ಲ ಅಂದುಕೊಂಡಿರೋದು? ಉತ್ತರ ಹುಡುಕುತ್ತಾ ಕೂತಾಗ ನಮಗೆ ಸಿಕ್ಕಿದ್ದು ವೈರಸ್ಸಿನ ಕಥೆಗಿಂತ ಹೆಚ್ಚಾಗಿ ನಮ್ಮದೇ ದೇಹದ ರಕ್ಷಣಾ ಕೋಶಗಳ ಕಥೆ. ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಾವು ವೈದ್ಯಕೀಯ ವಿದ್ಯಾರ್ಥಿಗಳಲ್ಲ. ಆದರೆ ಸೋರಿಕೆ, ಒತ್ತಡ, ಫೀಡ್‌ಬ್ಯಾಕ್ ಅಂದರೆ ಏನು ಅಂತ ನಮಗೆ ಗೊತ್ತು. ಡೆಂಗಿ ಅರ್ಥವಾಗೋಕೆ ಅದೇ ಬೇಕು.

ಒಂದೇ ಹೆಸರು, ನಾಲ್ಕು ವೈರಸ್

ಡೆಂಗಿ ತರುವುದು ಈಡಿಸ್ ಜಾತಿಯ ಹೆಣ್ಣು ಸೊಳ್ಳೆ. ಕಾಲುಗಳ ಮೇಲೆ ಬಿಳಿ ಪಟ್ಟಿ ಇರುವ, ಹಗಲು ಹೊತ್ತು ಕಚ್ಚುವ ಸೊಳ್ಳೆ ಇದು. ಇದರಲ್ಲಿ ಎರಡು ಬಗೆ ಮುಖ್ಯ. ಈಡಿಸ್ ಈಜಿಪ್ಟೈ ಮನೆಯೊಳಗೆ, ಮನೆಯ ಆಸುಪಾಸಿನಲ್ಲಿ ಇರುತ್ತದೆ. ಈಡಿಸ್ ಆಲ್ಬೊಪಿಕ್ಟಸ್ ತೋಟ, ಗಿಡಗಂಟಿಗಳ ಕಡೆ ಹೆಚ್ಚು. ತೆಂಗು, ಅಡಿಕೆ ತೋಟದ ನಡುವೆಯೇ ಮನೆಯಿರುವ ನಮ್ಮ ಕರಾವಳಿ ಇವೆರಡಕ್ಕೂ ಒಗ್ಗುವ ಜಾಗ.

ವೈರಸ್ ವಿಷಯಕ್ಕೆ ಬಂದರೆ ಅದರ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ಒಳಗೆ ಸುಮಾರು 10,700 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಎಳೆ. ಅಷ್ಟರಲ್ಲಿ ಕೇವಲ ಹತ್ತು ಪ್ರೋಟೀನುಗಳಿಗೆ ಬೇಕಾದ ಸೂಚನೆ ಇದೆ. ಮೂರು ಪ್ರೋಟೀನು ಅದರ ಮೈಕಟ್ಟಿಗೆ, ಉಳಿದ ಏಳು ನಮ್ಮ ಕೋಶದೊಳಗೆ ಕೆಲಸ ನಡೆಸೋಕೆ. ನಾವು ಬರೆಯುವ ಒಂದು ಸಣ್ಣ ಪ್ರೋಗ್ರಾಮಿಗಿಂತ ಚಿಕ್ಕ ಕೋಡ್!

ಡೆಂಗಿ ಅನ್ನೋದು ಒಂದೇ ವೈರಸ್ ಅಲ್ಲ ಅನ್ನೋದು ನೆನಪಿಡಬೇಕಾದ ಸಂಗತಿ. ಡೆಂಗಿ-1, ಡೆಂಗಿ-2, ಡೆಂಗಿ-3, ಡೆಂಗಿ-4 ಅಂತ ನಾಲ್ಕು ಬಗೆ ಇವೆ. ಅಣ್ಣತಮ್ಮಂದಿರ ಹಾಗೆ ಮುಖದಲ್ಲಿ ಹೋಲಿಕೆ ಇದೆ, ಆದರೆ ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಮುಂದಿನ ತೊಂದರೆಯೆಲ್ಲ ಹುಟ್ಟುವುದು ಈ ಅರೆಬರೆ ಹೋಲಿಕೆಯಿಂದಲೇ.

ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಮಂಗನ ಕಾಯಿಲೆಯ ವೈರಸ್ ಕೂಡ ಇದೇ ಫ್ಲೇವಿವೈರಸ್ ಕುಟುಂಬದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಪತ್ತೆಯಾಯಿತು. ಅದನ್ನು ಹರಡುವುದು ಸೊಳ್ಳೆಯಲ್ಲ, ಕಾಡಿನ ಉಣ್ಣೆ. ಕಾಲವೂ ಬೇರೆ: ಮಂಗನ ಕಾಯಿಲೆ ಹೆಚ್ಚಾಗಿ ಬೇಸಿಗೆ ಮುಗಿಯುವವರೆಗೆ, ಡೆಂಗಿ ಮಳೆ ಹಿಡಿದ ಮೇಲೆ.

ಮೊದಲ ಬಾಗಿಲು: ಚರ್ಮ

ಸೊಳ್ಳೆ ಕಚ್ಚಿದಾಗ ವೈರಸ್ ಮೊದಲು ಬೀಳುವುದು ಚರ್ಮದೊಳಗೆ. ಅಲ್ಲಿ ಡೆಂಡ್ರೈಟಿಕ್ ಕೋಶಗಳು ಅಂತ ಇರುತ್ತವೆ. ಹೊರಗಿನಿಂದ ಬಂದದ್ದನ್ನು ಹಿಡಿದು, ತುಂಡು ಮಾಡಿ, ಹತ್ತಿರದ ದುಗ್ಧಗ್ರಂಥಿಗೆ ಒಯ್ದು "ಇಂಥವನು ಬಂದಿದ್ದಾನೆ ನೋಡಿ" ಅಂತ ತೋರಿಸುವುದು ಅವುಗಳ ಕೆಲಸ. ಊರಿನ ಚೆಕ್‌ಪೋಸ್ಟ್ ಇದ್ದ ಹಾಗೆ. ಡೆಂಗಿ ವೈರಸ್ ಮಾಡುವ ಮೊದಲ ಚಾಲಾಕಿತನ ಏನು ಗೊತ್ತಾ? ಆ ಚೆಕ್‌ಪೋಸ್ಟಿನ ಕೋಶದೊಳಗೇ ನುಗ್ಗಿ ಅಲ್ಲೇ ಮರಿ ಹಾಕುತ್ತದೆ. ಸುದ್ದಿ ಒಯ್ಯಬೇಕಾದ ಕೋಶವೇ ವೈರಸ್ಸನ್ನು ದುಗ್ಧಗ್ರಂಥಿಯವರೆಗೆ ಹೊತ್ತುಕೊಂಡು ಹೋಗುತ್ತದೆ. ಅಲ್ಲಿಂದ ಮುಂದೆ ರಕ್ತದ ಮೋನೋಸೈಟುಗಳು, ಅಂಗಾಂಗಗಳಲ್ಲಿರುವ ಮ್ಯಾಕ್ರೋಫೇಜುಗಳು ಸೋಂಕಿಗೆ ಸಿಗುತ್ತವೆ. ಇವೂ ರಕ್ಷಣಾ ಕೋಶಗಳೇ.

ಸೋಂಕು ತಗುಲಿದ ಕೋಶ ಸುಮ್ಮನಿರುವುದಿಲ್ಲ. ಇಂಟರ್‌ಫೆರಾನ್ ಅನ್ನುವ ರಾಸಾಯನಿಕ ಬಿಟ್ಟು ನೆರೆಹೊರೆಯ ಕೋಶಗಳಿಗೆ ಬಾಗಿಲು ಹಾಕಿಕೊಳ್ಳಿ ಅಂತ ಎಚ್ಚರಿಸುತ್ತದೆ. ವೈರಸ್ಸಿನ ಕೆಲವು ಪ್ರೋಟೀನುಗಳಿಗೆ ಈ ಸಂದೇಶದ ತಂತಿ ಕತ್ತರಿಸುವುದೇ ಕೆಲಸ. ಆದರೂ ಸಾಕಷ್ಟು ಸಂದೇಶ ದಾಟುತ್ತದೆ. ನಮಗೆ ಜ್ವರ, ಮೈಕೈ ನೋವು, ಸುಸ್ತು ಆಗುವುದು ಬಹುಪಾಲು ಈ ಸಂದೇಶಗಳಿಂದಲೇ. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಕಾಣಿಸಿಕೊಳ್ಳುತ್ತದೆ.

ಅಷ್ಟರಲ್ಲಿ ಎರಡನೇ ಸಾಲಿನ ಪಡೆ ತಯಾರಾಗುತ್ತದೆ. ಬಿ ಕೋಶಗಳು ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು ಮಾಡುತ್ತವೆ. ಇಂಗ್ಲಿಷಿನ ವೈ ಅಕ್ಷರದ ಆಕಾರದ ಈ ಪ್ರೋಟೀನಿನ ಎರಡು ತೋಳುಗಳು ವೈರಸ್ಸನ್ನು ಹಿಡಿಯುತ್ತವೆ, ಬುಡದ ಕಾಂಡ ನಮ್ಮ ರಕ್ಷಣಾ ಕೋಶಗಳಿಗೆ ಹಿಡಿಕೆಯಾಗುತ್ತದೆ. ಟಿ ಕೋಶಗಳು ಸೋಂಕಾದ ಕೋಶವನ್ನೇ ಹುಡುಕಿ ಕೊಲ್ಲುತ್ತವೆ. ವಾರದೊಳಗೆ ರಕ್ತದಲ್ಲಿ ವೈರಸ್ ಖಾಲಿ. ಕೆಲವು ಬಿ, ಟಿ ಕೋಶಗಳು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಅದೇ ಬಗೆಯ ಡೆಂಗಿ ಮತ್ತೆ ಬಂದರೆ ಬಾಗಿಲಲ್ಲೇ ತಡೆಯುತ್ತವೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಗೆಗಳು ನಾಲ್ಕಿವೆ.

ಎರಡನೇ ಸಲ ಯಾಕೆ ಹೆಚ್ಚು ಅಪಾಯ?

ನಮ್ಮ ಗೆಳೆಯ ಆಸ್ಪತ್ರೆಯಲ್ಲಿದ್ದಾಗ ವೈದ್ಯರು ರಿಪೋರ್ಟ್ ನೋಡಿ ಕೇಳಿದರಂತೆ, "ಮೊದಲೊಮ್ಮೆ ಹೀಗೆ ಜ್ವರ ಬಂದಿತ್ತಾ?" ಐಜಿಜಿ ಅನ್ನುವ ಬಗೆಯ ಪ್ರತಿಕಾಯ ಅಷ್ಟು ಬೇಗ ಅಷ್ಟು ಏರಿದ್ದರೆ ಅದು ಹಳೆಯ ನೆನಪಿನ ಗುರುತು. ಆಗ ಅವನಿಗೆ ನೆನಪಾಯಿತು: ಪಿಯುಸಿ ಓದುವಾಗ ಒಂದು ಸಲ ನಾಲ್ಕು ದಿನ ಜ್ವರ ಬಂದಿತ್ತು, ಮಾತ್ರೆ ನುಂಗಿ ಮಲಗಿದ್ದ, ಪರೀಕ್ಷೆ ಮಾಡಿಸಿರಲಿಲ್ಲ, ತಾನಾಗಿ ಹೋಗಿತ್ತು. ಬಹುಶಃ ಅದೇ ಮೊದಲನೆಯದು.

ಮೊದಲ ಸಲ ಡೆಂಗಿ-1 ಬಂದಿತ್ತು, ಈಗ ಡೆಂಗಿ-2 ಬಂತು ಅಂತ ಇಟ್ಟುಕೊಳ್ಳೋಣ. ಹಳೆಯ ಪ್ರತಿಕಾಯಗಳು ಹೊಸ ವೈರಸ್ಸನ್ನು ನೋಡಿ, ಪರಿಚಯದ ಮುಖ ಅಂತ ಹಿಡಿಯುತ್ತವೆ. ಹಿಡಿತ ಮಾತ್ರ ಸಡಿಲ. ವೈರಸ್ಸನ್ನು ನಿಷ್ಕ್ರಿಯ ಮಾಡುವಷ್ಟು ಬಿಗಿ ಇರುವುದಿಲ್ಲ. ಇತ್ತ ಮೋನೋಸೈಟಿನ ಮೈಮೇಲೆ ಪ್ರತಿಕಾಯದ ಹಿಡಿಕೆಯನ್ನು ಹಿಡಿದು ಒಳಗೆಳೆದುಕೊಳ್ಳುವ ಕೊಕ್ಕೆಗಳಿವೆ. ಪ್ರತಿಕಾಯ ಅಂಟಿದ್ದನ್ನೆಲ್ಲ ನುಂಗಿ ಜೀರ್ಣಿಸುವುದು ಅವುಗಳ ವಾಡಿಕೆ. ಈ ಸಲವೂ ನುಂಗುತ್ತವೆ. ಆದರೆ ಒಳಗೆ ಹೋದ ವೈರಸ್ ಜೀವಂತ! ಜೀರ್ಣವಾಗುವ ಬದಲು ಅಲ್ಲೇ ಸಾವಿರಾರು ಪ್ರತಿ ತೆಗೆಯುತ್ತದೆ. ಕಳ್ಳನಿಗೆ ಬೇಡಿ ಹಾಕಿದ್ದೇವೆ ಅಂದುಕೊಂಡು ನಾವೇ ಖಜಾನೆಯೊಳಗೆ ಕರೆದುಕೊಂಡು ಹೋಗಿ ಬಿಟ್ಟ ಹಾಗೆ. ಈ ದಾರಿಯಲ್ಲಿ ಒಳಬಂದ ವೈರಸ್ ಕೋಶದ ಇಂಟರ್‌ಫೆರಾನ್ ಎಚ್ಚರಿಕೆಯನ್ನೂ ತಗ್ಗಿಸಬಲ್ಲದು ಅಂತ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಇದನ್ನು ಪ್ರತಿಕಾಯ ಅವಲಂಬಿತ ವರ್ಧನೆ ಅಂತ ಕರೆಯುತ್ತಾರೆ. 1960ರ ದಶಕದಲ್ಲಿ ಬ್ಯಾಂಕಾಕಿನಲ್ಲಿ ಮಕ್ಕಳ ಡೆಂಗಿ ಪ್ರಕರಣಗಳನ್ನು ನೋಡುತ್ತಿದ್ದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಒಂದು ವಿಚಿತ್ರ ಗಮನಿಸಿದರು. ತೀವ್ರ ಡೆಂಗಿ ಎರಡು ಗುಂಪಿನಲ್ಲಿ ಹೆಚ್ಚಾಗಿ ಕಾಣುತ್ತಿತ್ತು. ಒಂದು, ಎರಡನೇ ಸಲ ಸೋಂಕು ತಗುಲಿದ ಮಕ್ಕಳು. ಇನ್ನೊಂದು, ಮೊದಲ ಸಲವೇ ಸೋಂಕಾದ ಹಸುಗೂಸುಗಳು. ಎರಡನೆಯದು ಹೇಗೆ? ಆ ಕೂಸುಗಳ ತಾಯಂದಿರಿಗೆ ಹಿಂದೆ ಡೆಂಗಿ ಬಂದಿತ್ತು. ತಾಯಿಯಿಂದ ಬಂದ ಪ್ರತಿಕಾಯ ಮೊದಲ ತಿಂಗಳುಗಳಲ್ಲಿ ಕೂಸನ್ನು ಕಾಯುತ್ತದೆ. ಅದು ಕರಗುತ್ತಾ ಬಂದು ಕಾಯಲು ಸಾಲದೆ, ಆದರೆ ಪೂರ್ತಿ ಹೋಗದೆ ಇರುವ ಆರು ತಿಂಗಳ ಆಸುಪಾಸಿನಲ್ಲಿ ಅದೇ ಪ್ರತಿಕಾಯ ಮುಳುವಾಗುತ್ತದೆ.

ಕ್ಯೂಬಾ ದ್ವೀಪದಲ್ಲಿ ಇದಕ್ಕೆ ದೊಡ್ಡ ಪುರಾವೆ ಸಿಕ್ಕಿತು. ಅಲ್ಲಿ 1977ರಲ್ಲಿ ಡೆಂಗಿ-1 ಹರಡಿತ್ತು, ಹೆಚ್ಚಿನವರಿಗೆ ಸೌಮ್ಯವಾಗಿಯೇ ಹೋಯಿತು. 1981ರಲ್ಲಿ ಡೆಂಗಿ-2 ಬಂದಾಗ 3.44 ಲಕ್ಷ ಪ್ರಕರಣ, 158 ಸಾವು. 1997ರಲ್ಲಿ ಸಾಂಟಿಯಾಗೊ ನಗರಕ್ಕೆ ಮತ್ತೆ ಡೆಂಗಿ-2 ಬಂತು. ಆಗ ತೀವ್ರವಾಗಿ ಬಳಲಿದವರು ಬಹುತೇಕ ದೊಡ್ಡವರೇ, ಅಂದರೆ ಇಪ್ಪತ್ತು ವರ್ಷದ ಹಿಂದೆ ಡೆಂಗಿ-1 ಬಂದು ಹೋಗಿದ್ದವರು. ಆಮೇಲೆ ಹುಟ್ಟಿದ ಮಕ್ಕಳಿಗೆ ಅಷ್ಟು ತೊಂದರೆಯಾಗಲಿಲ್ಲ. ಇಪ್ಪತ್ತು ವರ್ಷವಾದರೂ ದೇಹ ಆ ಹಳೇ ಪರಿಚಯ ಮರೆತಿರಲಿಲ್ಲ.

ಪ್ರಮಾಣದ ಲೆಕ್ಕವನ್ನು 2017ರಲ್ಲಿ ನಿಕರಾಗುವಾದ ಮಕ್ಕಳ ದೀರ್ಘ ಅಧ್ಯಯನ ತೋರಿಸಿತು. ಪ್ರತಿಕಾಯ ತುಂಬಾ ಹೆಚ್ಚಿದ್ದವರು ಸುರಕ್ಷಿತ. ಇಲ್ಲವೇ ಇಲ್ಲದವರಿಗೂ ಅಪಾಯ ಕಡಿಮೆ. ನಡುವಿನ ಒಂದು ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ತೀವ್ರ ಡೆಂಗಿಯ ಅಪಾಯ ಹೆಚ್ಚು. ಗ್ರಾಫ್ ಬರೆದರೆ ನಡುವೆ ಒಂದು ಗುಡ್ಡ. ಅನುರಣನ ಪಾಠದಲ್ಲಿ ನಾವು ಓದಿದ ಹಾಗೆಯೇ, ಕಡಿಮೆಯೂ ಅಲ್ಲದ ಹೆಚ್ಚೂ ಅಲ್ಲದ ಒಂದು ಮಟ್ಟದಲ್ಲಿ ಅನಾಹುತ.

ಈ ಲೆಕ್ಕ ನಮಗೆ ದೂರದ್ದಲ್ಲ. ಐಸಿಎಂಆರ್ 2017-18ರಲ್ಲಿ ದೇಶದಾದ್ಯಂತ ರಕ್ತದ ಮಾದರಿ ಪಡೆದು ನೋಡಿದಾಗ ದೇಶದ 48.7% ಜನರಲ್ಲಿ ಹಿಂದೆ ಡೆಂಗಿ ಬಂದುಹೋದ ಗುರುತು ಸಿಕ್ಕಿತು. ದಕ್ಷಿಣ ಭಾರತದಲ್ಲಿ ಅದು 76.9%. ಅಂದರೆ ನಾಲ್ವರಲ್ಲಿ ಮೂವರು. ಬಹುತೇಕರಿಗೆ ಅದು ಬಂದದ್ದೇ ಗೊತ್ತಿಲ್ಲ, ಯಾಕಂದ್ರೆ ಹೆಚ್ಚಿನ ಡೆಂಗಿ ಸೋಂಕು ಲಕ್ಷಣವೇ ಇಲ್ಲದೆ ಅಥವಾ ಸಣ್ಣ ಜ್ವರವಾಗಿ ಹೋಗುತ್ತದೆ. "ನನಗೆ ಈ ಮೊದಲು ಡೆಂಗಿ ಬಂದಿಲ್ಲ" ಅನ್ನುವ ನಮ್ಮ ಧೈರ್ಯಕ್ಕೆ ಆಧಾರವೇ ಇಲ್ಲ.

ಬಗೆಗಳೂ ಬದಲಾಗುತ್ತಲೇ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ರಾಹುಲ್ ರಾಯ್ ಅವರ ತಂಡ 1956ರಿಂದ 2018ರವರೆಗಿನ ಭಾರತದ 408 ಡೆಂಗಿ ವೈರಸ್‌ಗಳ ಜೀನ್ ಸರಣಿಯನ್ನು ಹೋಲಿಸಿ 2023ರಲ್ಲಿ ಪ್ರಕಟಿಸಿತು. 2012ರವರೆಗೆ ದೇಶದಲ್ಲಿ ಡೆಂಗಿ-1 ಮತ್ತು 3 ಹೆಚ್ಚಿದ್ದವು, ಆಮೇಲೆ ಡೆಂಗಿ-2 ಮೇಲುಗೈ ಪಡೆಯಿತು, ದಕ್ಷಿಣದಲ್ಲಿ ಡೆಂಗಿ-4 ನೆಲೆಯೂರುತ್ತಿದೆ ಅಂತ ಅವರು ಕಂಡರು. ಎಂಜಿನಿಯರಿಂಗ್ ವಿಭಾಗದಲ್ಲಿ ಕೂತು ವೈರಸ್ ಅಧ್ಯಯನ! ನಮ್ಮಲ್ಲಿ ಯಾರಿಗಾದರೂ ಆಸೆ ಇದ್ದರೆ ದಾರಿ ಇದೆ ಅನ್ನೋಕೆ ಇದನ್ನು ಹೇಳಿದೆವು.

ಟಿ ಕೋಶ, ಮಾಸ್ಟ್ ಕೋಶ, ಮತ್ತು ಬಿರುಗಾಳಿ

ಪ್ರತಿಕಾಯದ ಕಥೆ ಅರ್ಧ ಭಾಗ ಮಾತ್ರ. ಹಳೆಯ ಸೋಂಕಿನ ನೆನಪಿರುವ ಟಿ ಕೋಶಗಳೂ ಎಲ್ಲರಿಗಿಂತ ಮೊದಲು ಎದ್ದು ಬರುತ್ತವೆ. ಇವು ಹಳೇ ವೈರಸ್ಸಿಗೆ ತರಬೇತಾದವು. ಹೊಸದನ್ನು ಸರಿಯಾಗಿ ಕೊಲ್ಲಲಾರವು, ಆದರೆ ಗದ್ದಲ ಮಾತ್ರ ಜೋರು. ಟಿಎನ್‌ಎಫ್, ಇಂಟರ್‌ಫೆರಾನ್ ಗಾಮಾ, ಇಂಟರ್‌ಲ್ಯೂಕಿನ್‌ಗಳು ಹೀಗೆ ಸೈಟೋಕೈನ್ ಅನ್ನುವ ರಾಸಾಯನಿಕ ಸಂದೇಶಗಳನ್ನು ಸುರಿಸುತ್ತವೆ. ಆ ಸಂದೇಶ ಇನ್ನಷ್ಟು ಕೋಶಗಳನ್ನು ಎಬ್ಬಿಸುತ್ತದೆ, ಅವು ಇನ್ನಷ್ಟು ಸಂದೇಶ ಸುರಿಸುತ್ತವೆ. ಸಭಾಂಗಣದಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದರೆ ಕೀರಲು ಸದ್ದು ಏರುತ್ತಾ ಹೋಗುತ್ತದಲ್ಲ, ಅದೇ ಪಾಸಿಟಿವ್ ಫೀಡ್‌ಬ್ಯಾಕ್.

ಹಾಗಂತ ಟಿ ಕೋಶವನ್ನೇ ಖಳನಾಯಕ ಅನ್ನೋ ಹಾಗಿಲ್ಲ. ಶ್ರೀಲಂಕಾದ ಜನರ ರಕ್ತದ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಲವಾಗಿ ಮತ್ತು ಹಲವು ಬಗೆಯಲ್ಲಿ ಕೆಲಸ ಮಾಡುವ ಟಿ ಕೋಶಗಳು ತೀವ್ರ ಕಾಯಿಲೆಯಿಂದ ಕಾಪಾಡುವ ಸೂಚನೆ ಸಿಕ್ಕಿತು. ಒಳ್ಳೆಯ ಗುರಿಯ ಟಿ ಕೋಶ ಕಾಯುತ್ತದೆ, ಗುರಿ ತಪ್ಪಿದ ಟಿ ಕೋಶ ಕೆಡಿಸುತ್ತದೆ.

ಚರ್ಮದಲ್ಲೂ ರಕ್ತನಾಳದ ಪಕ್ಕದಲ್ಲೂ ಇರುವ ಮಾಸ್ಟ್ ಕೋಶಗಳು ಇನ್ನೊಂದು ಪಾತ್ರ. ಅಲರ್ಜಿಯಾದಾಗ ಮೈಯೆಲ್ಲ ದದ್ದು ಏಳಿಸುವವು ಇವೇ. ಡೆಂಗಿಯಲ್ಲಿ ಇವು ಒಡೆದು ಕೈಮೇಸ್, ಟ್ರಿಪ್ಟೇಸ್ ಮುಂತಾದ ಕಿಣ್ವಗಳನ್ನು ಬಿಡುತ್ತವೆ, ರಕ್ತನಾಳದ ಗೋಡೆ ಸಡಿಲವಾಗುತ್ತದೆ.

ಅಪರೂಪಕ್ಕೆ ಕೆಲವರಲ್ಲಿ ಮ್ಯಾಕ್ರೋಫೇಜುಗಳು ಹತೋಟಿ ತಪ್ಪಿ ಮೂಳೆಯ ಮಜ್ಜೆಯಲ್ಲಿ ನಮ್ಮದೇ ರಕ್ತಕಣಗಳನ್ನು ತಿನ್ನಲು ಶುರು ಮಾಡುತ್ತವೆ. ಜ್ವರ ವಾರ ಕಳೆದರೂ ಬಿಡದೆ, ಎಲ್ಲ ಬಗೆಯ ರಕ್ತಕಣಗಳೂ ಇಳಿದು, ರಕ್ತದಲ್ಲಿ ಫೆರಿಟಿನ್ ವಿಪರೀತ ಏರಿದರೆ ವೈದ್ಯರು ಇದನ್ನು ಅನುಮಾನಿಸುತ್ತಾರೆ. ಯಕೃತ್ತು, ಹೃದಯ, ಮಿದುಳಿಗೆ ಪೆಟ್ಟು ಬೀಳುವುದೂ ತೀವ್ರ ಡೆಂಗಿಯ ಭಾಗವೇ.

ಸೋರುವ ಪೈಪು

ಈಗ ಜ್ವರ ಬಿಟ್ಟ ಶುಕ್ರವಾರಕ್ಕೆ ಬರೋಣ.

ನಮ್ಮ ರಕ್ತನಾಳದ ಒಳಮೈಗೆ ಸಕ್ಕರೆ ಮತ್ತು ಪ್ರೋಟೀನಿನಿಂದಾದ ತೆಳ್ಳನೆಯ ಲೇಪ ಇದೆ. ಗ್ಲೈಕೋಕ್ಯಾಲಿಕ್ಸ್ ಅಂತ ಹೆಸರು. ಪೈಪಿನ ಒಳಗಿನ ಕೋಟಿಂಗ್ ಅಂದುಕೊಳ್ಳಿ. ನೀರಿನಂಶ ಮನಬಂದಂತೆ ಹೊರಗೆ ಹೋಗದ ಹಾಗೆ ತಡೆಯುವುದು ಇದರ ಕೆಲಸ. ಸೋಂಕಾದ ಕೋಶಗಳು ಎನ್‌ಎಸ್1 ಅನ್ನುವ ವೈರಸ್ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಮೊದಲ ದಿನಗಳಲ್ಲಿ ನಾವು ಮಾಡಿಸುವ ಡೆಂಗಿ ಪರೀಕ್ಷೆ ಹುಡುಕುವುದು ಇದನ್ನೇ. ಇದು ಬರೀ ಗುರುತಿನ ಚೀಟಿಯಲ್ಲ, ಈ ಕೋಟಿಂಗನ್ನು ಕಿತ್ತುಹಾಕುವ ಕೆಲಸವನ್ನೂ ಮಾಡಬಲ್ಲದು ಅಂತ 2015ರಿಂದೀಚೆಗಿನ ಅಧ್ಯಯನಗಳು ತೋರಿಸಿವೆ. ಅದರ ಮೇಲೆ ಸೈಟೋಕೈನ್, ಅದರ ಮೇಲೆ ಮಾಸ್ಟ್ ಕೋಶದ ಕಿಣ್ವ. ಎಲ್ಲ ಸೇರಿ ಗೋಡೆ ಸೋರಲು ಶುರುವಾಗುತ್ತದೆ. ಕೆಂಪು ರಕ್ತಕಣ ದೊಡ್ಡದು, ಒಳಗೇ ಉಳಿಯುತ್ತದೆ. ಪ್ಲಾಸ್ಮಾ ಅನ್ನುವ ದ್ರವ ಭಾಗ ಹೊರಗೆ ಜಾರಿ ಹೊಟ್ಟೆಯಲ್ಲಿ, ಎದೆಯಲ್ಲಿ ತುಂಬುತ್ತದೆ.

ಸಮಯ ನೋಡಿ. ಜ್ವರದ 3ರಿಂದ 7ನೇ ದಿನದೊಳಗೆ ಜ್ವರ ಇಳಿಯುತ್ತದೆ. ಆ ಹೊತ್ತಿಗೆ ವೈರಸ್ ಬಹಳಷ್ಟು ಕಡಿಮೆಯಾಗಿರುತ್ತದೆ, ರಕ್ಷಣಾ ಪಡೆಯ ಗದ್ದಲ ಮಾತ್ರ ಶಿಖರದಲ್ಲಿರುತ್ತದೆ. ಸೋರಿಕೆ ಹೆಚ್ಚಾಗುವುದು ಆಗಲೇ, ಸುಮಾರು 24ರಿಂದ 48 ಗಂಟೆ. ಥರ್ಮಾಮೀಟರ್ ತೋರಿಸುವುದು ಉಷ್ಣತೆಯನ್ನು ಮಾತ್ರ, ಸೋರಿಕೆಯನ್ನಲ್ಲ. ನಾವು ತಪ್ಪಾದ ಸೆನ್ಸರ್ ನೋಡಿ "ಸಿಸ್ಟಮ್ ನಾರ್ಮಲ್" ಅಂದಿದ್ದೆವು.

ಸರಿಯಾದ ಸೆನ್ಸರ್ ಯಾವುದು? ಹಿಮ್ಯಾಟೊಕ್ರಿಟ್. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಶೇಕಡಾ ಅನ್ನುವ ಅಳತೆ. ನಮ್ಮ ಗೆಳೆಯನ ರಿಪೋರ್ಟಿನಲ್ಲಿ ಬುಧವಾರ 40 ಇದ್ದದ್ದು ಶುಕ್ರವಾರ ಸಂಜೆ 48 ಆಗಿತ್ತು. "ಎಂಟು ಜಾಸ್ತಿ ಆದ್ರೆ ಏನಂತೆ?" ಅನ್ನಿಸಬಹುದು. ಲೆಕ್ಕ ಮಾಡೋಣ. ಒಟ್ಟು ರಕ್ತ 5 ಲೀಟರ್ ಅಂದುಕೊಂಡರೆ 40% ಅಂದರೆ 2 ಲೀಟರ್ ಕಣ, 3 ಲೀಟರ್ ಪ್ಲಾಸ್ಮಾ. ಕಣಗಳು ಹೊರಗೆ ಹೋಗಿಲ್ಲ, ಅದೇ 2 ಲೀಟರ್. ಅದು ಈಗ 48% ಆಗಬೇಕಾದರೆ ಒಟ್ಟು ರಕ್ತ 2 ಭಾಗಿಸು 0.48, ಅಂದರೆ ಸುಮಾರು 4.17 ಲೀಟರ್. ಹೋಯಿತಲ್ಲ, ಮುಕ್ಕಾಲು ಲೀಟರಿಗೂ ಹೆಚ್ಚು ಪ್ಲಾಸ್ಮಾ! ಇದ್ದದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು, ಒಂದು ಹನಿ ರಕ್ತವೂ ಹೊರಗೆ ಕಾಣದೆ. ಪಂಪ್ ಓಡುತ್ತಿದೆ, ಪೈಪಿನಲ್ಲಿ ನೀರಿಲ್ಲ. ಒತ್ತಡ ಬೀಳುತ್ತದೆ, ಕೈಕಾಲು ತಣ್ಣಗಾಗುತ್ತದೆ. ಡೆಂಗಿ ಶಾಕ್ ಅನ್ನುವುದು ಇದನ್ನೇ. ಹಿಮ್ಯಾಟೊಕ್ರಿಟ್ 20% ಏರಿದರೆ ಗಂಭೀರ ಸೋರಿಕೆ ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. 40ರಿಂದ 48 ಅಂದರೆ ಸರಿಯಾಗಿ ಅಷ್ಟೇ.

ಚಿಕಿತ್ಸೆ ಏನು? ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧಿ ಬಳಕೆಯಲ್ಲಿಲ್ಲ. ಸೋರಿದಷ್ಟನ್ನು ಅಳೆದು ಸಲೈನ್ ಮೂಲಕ ತುಂಬಿಸುತ್ತಾ ಆ ಎರಡು ದಿನ ದಾಟಿಸುವುದೇ ಚಿಕಿತ್ಸೆ. ಅಳೆದು ಅನ್ನೋದು ಮುಖ್ಯ. "ಡ್ರಿಪ್ ಜಾಸ್ತಿ ಹಾಕಿಸಿ" ಅಂತ ಮನೆಯವರು ಒತ್ತಾಯ ಮಾಡುವುದುಂಟು. ಆದರೆ ಸೋರಿಕೆ ನಿಂತ ಮೇಲೆ ಹೊರಗೆ ಹೋದ ದ್ರವ ತಾನೇ ಮರಳಿ ನಾಳಕ್ಕೆ ಬರುತ್ತದೆ. ಆಗ ಅತಿಯಾಗಿ ತುಂಬಿಸಿದ್ದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಸಕಾಲಕ್ಕೆ ಸರಿಯಾದ ಆರೈಕೆ ಸಿಕ್ಕರೆ ತೀವ್ರ ಡೆಂಗಿಯಲ್ಲೂ ಸಾವಿನ ಪ್ರಮಾಣ 1%ಕ್ಕಿಂತ ಕೆಳಗೆ ಇಳಿಯುತ್ತದೆ.

ಪ್ಲೇಟ್‌ಲೆಟ್ ಬಗ್ಗೆ ಎರಡು ಮಾತು

ಡೆಂಗಿ ಅಂದ ಕೂಡಲೇ ಎಲ್ಲರೂ ಕೇಳುವುದು "ಪ್ಲೇಟ್‌ಲೆಟ್ ಎಷ್ಟು?" ಅಂತ. ವೈರಸ್ಸಿನಿಂದ ಮೂಳೆಯ ಮಜ್ಜೆಯಲ್ಲಿ ತಯಾರಿ ಕಡಿಮೆಯಾಗುತ್ತದೆ, ಪ್ರತಿಕಾಯಗಳು ಪ್ಲೇಟ್‌ಲೆಟ್ ಮೇಲೂ ಕೂತು ಅವು ಬೇಗ ನಾಶವಾಗುತ್ತವೆ. ಸಂಖ್ಯೆ ಇಳಿಯುವುದು ಎಚ್ಚರಿಕೆಯ ಗಂಟೆ ಹೌದು. ಆದರೆ ಡೆಂಗಿ ಕೊಲ್ಲುವುದು ಹೆಚ್ಚಾಗಿ ಸೋರಿಕೆಯಿಂದ, ಆ ಸಂಖ್ಯೆಯಿಂದಲ್ಲ. ರಕ್ತಸ್ರಾವ ಇಲ್ಲದವರಿಗೆ ಮುಂಜಾಗ್ರತೆಗೆ ಅಂತ ಪ್ಲೇಟ್‌ಲೆಟ್ ಕೊಟ್ಟರೆ ಲಾಭವಿಲ್ಲ ಅಂತ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಯಸ್ಕರ ಪ್ರಯೋಗ ತೋರಿಸಿದೆ. ಗೆಳೆಯನದ್ದು 38 ಸಾವಿರಕ್ಕೆ ಇಳಿದಾಗ ನಾವು ರಕ್ತನಿಧಿಗಳಿಗೆ ಫೋನ್ ಮಾಡುತ್ತಾ ಓಡಾಡಿದೆವು. ವೈದ್ಯರು ಬೇಡ ಅಂದರು. ಮೂರನೇ ದಿನ ತಾನಾಗಿ ಏರಿತು. ಪಪ್ಪಾಯಿ ಎಲೆ ರಸ ಹಿಂಡಿ ತಂದಿದ್ದ ನೆಂಟರಿಗೆ ಅದರ ಕೀರ್ತಿ ಹೋಯಿತು, ಅದು ಬೇರೆ ಮಾತು.

ಲಸಿಕೆ ಯಾಕೆ ಇಷ್ಟು ಕಷ್ಟ?

ಇಷ್ಟು ಓದಿದ ಮೇಲೆ ನಿಮಗೇ ಹೊಳೆದಿರಬೇಕು. ಲಸಿಕೆ ಅಂದರೆ ಪ್ರತಿಕಾಯ ಹುಟ್ಟಿಸುವುದು. ಅರೆಬರೆ ಪ್ರತಿಕಾಯವೇ ಅಪಾಯವಾಗಿದ್ದರೆ? ಫಿಲಿಪ್ಪೀನ್ಸಿನಲ್ಲಿ 2016ರಲ್ಲಿ ಡೆಂಗ್‌ವ್ಯಾಕ್ಸಿಯಾ ಲಸಿಕೆಯನ್ನು 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟರು. 2017ರ ನವೆಂಬರಿನಲ್ಲಿ ತಯಾರಕರದ್ದೇ ಹೊಸ ವಿಶ್ಲೇಷಣೆ ಹೊರಬಂತು: ಹಿಂದೆ ಡೆಂಗಿ ಬಂದಿದ್ದವರಿಗೆ ಇದು ರಕ್ಷಣೆ, ಬಂದಿರದವರಿಗೆ ಮುಂದೆ ತೀವ್ರ ಡೆಂಗಿಯ ಅಪಾಯ ಹೆಚ್ಚಾಗಬಹುದು. ಅಂಥವರಿಗೆ ಲಸಿಕೆಯೇ ಮೊದಲ ಸೋಂಕಿನ ಹಾಗೆ ಕೆಲಸ ಮಾಡಿತ್ತು. ಕಾರ್ಯಕ್ರಮ ನಿಂತಿತು. ಹಾಗಾಗಿ ಒಳ್ಳೆಯ ಡೆಂಗಿ ಲಸಿಕೆ ನಾಲ್ಕೂ ಬಗೆಗೆ ಏಕಕಾಲಕ್ಕೆ ಬಲವಾದ ರಕ್ಷಣೆ ಕೊಡಬೇಕು. ನಮ್ಮ ದೇಶದಲ್ಲಿ ಪನೇಶಿಯಾ ಬಯೋಟೆಕ್ ತಯಾರಿಸಿದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು ಐಸಿಎಂಆರ್ ಜೊತೆಗೂಡಿ 2024ರ ಆಗಸ್ಟಿನಲ್ಲಿ ರೋಹ್ಟಕ್‌ನಲ್ಲಿ ಶುರು ಮಾಡಿದರು. ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಳ್ಳುವ ಯೋಜನೆ ಅದು.

ನಾವು ಮಾಡಬೇಕಾದ್ದು

ಹಾಸ್ಟೆಲಿನಲ್ಲಿ, ರೂಮಿನಲ್ಲಿ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಇವನ್ನು ನೆನಪಿಡೋಣ.

ಒಂದು, ಜ್ವರ ಶುರುವಾದ ದಿನವನ್ನು ಬರೆದಿಡಿ. ಮೊದಲ ಐದು ದಿನ ಎನ್‌ಎಸ್1 ಪರೀಕ್ಷೆ, ಆಮೇಲೆ ಐಜಿಎಂ ಎಲಿಸಾ ಪರೀಕ್ಷೆ. ದಿನ ಗೊತ್ತಿಲ್ಲದಿದ್ದರೆ ರಿಪೋರ್ಟಿಗೆ ಅರ್ಥವಿಲ್ಲ. ಕಾಡಿನಂಚಿಗೆ ಹೋಗಿ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಮಂಗನ ಕಾಯಿಲೆ ನೋಡಬೇಕಾಗಬಹುದು.

ಎರಡು, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡ. ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ಮೂರು, ಗಂಜಿ ತಿಳಿ, ಸೀಯಾಳ, ಓಆರ್‌ಎಸ್ ಆಗಾಗ ಕುಡಿಸಿ. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಗಮನಿಸಿ.

ನಾಲ್ಕು, ಜ್ವರ ಬಿಟ್ಟ ಮೇಲೆ ಎರಡು ದಿನ ಒಂಟಿಯಾಗಿ ಬಿಡಬೇಡಿ, ಪ್ರಯಾಣ ಮಾಡಿಸಬೇಡಿ. ತಡೆಯಲಾರದ ಹೊಟ್ಟೆನೋವು, ಪದೇಪದೇ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಉಸಿರಾಟದ ಕಷ್ಟ, ವಿಪರೀತ ಸುಸ್ತು ಅಥವಾ ಚಡಪಡಿಕೆ, ತಣ್ಣನೆ ಕೈಕಾಲು: ಇವುಗಳಲ್ಲಿ ಯಾವ ಒಂದು ಕಂಡರೂ ಆ ಕ್ಷಣವೇ ಆಸ್ಪತ್ರೆ. ಬೆಳಗಾಗಲಿ ಅಂತ ಕಾಯಬೇಡಿ.

ಐದು, ನಿಂತ ನೀರು. ಈಡಿಸ್ ಮೊಟ್ಟೆ ದೊಡ್ಡ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಹಾಗಾಗಿ ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿ ಉಜ್ಜಬೇಕು. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಪ್ರಕರಣ 30 ಸಾವಿರ ದಾಟಿತ್ತು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು.

ಗೆಳೆಯ ಗುಣವಾದ ಮೇಲೆ ನಾವು ನಾಲ್ಕು ಜನ ಮಾವಳ್ಳಿಗೆ ಹೋಗಿದ್ದೆವು. ಅವನ ಜೊತೆ ಮನೆಯ ಸುತ್ತ ಒಂದು ಸುತ್ತು ಹಾಕಿದೆವು. ಹಿತ್ತಿಲಲ್ಲಿ ತೆಂಗಿನ ಗರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ದಡಕ್ಕೆಳೆದ ದೋಣಿಯ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆ, ಕೊಟ್ಟಿಗೆಯ ಪಕ್ಕ ಹಳೇ ಟಯರು. ಎಲ್ಲದರಲ್ಲೂ ಮಳೆನೀರು, ಎರಡರಲ್ಲಿ ಕುಣಿಯುವ ಹುಳು. ಅರ್ಧ ಗಂಟೆಯಲ್ಲಿ ಎಲ್ಲ ಬೋರಲು ಹಾಕಿದೆವು. ಅವನ ಅಮ್ಮ ಚಾ ತಂದು ಕೊಡುತ್ತಾ, "ಇನ್ನು ಇವನಿಗೆ ಬರೂದಿಲ್ಲ ಅಲ್ವನ್ರೋ?" ಅಂತ ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ಸಲ ಬಂದವರಿಗೆ ಮೂರನೇ ಸಲ ತೀವ್ರವಾಗುವುದು ಕಡಿಮೆ. ಆದರೂ ನಾಲ್ಕರಲ್ಲಿ ಎರಡು ಬಗೆ ಇನ್ನೂ ಬಾಕಿ ಇವೆ. ಗೆಳೆಯನೇ ಉತ್ತರ ಕೊಟ್ಟ: "ಬಂದ್ರೂ ಬರಬಹುದು ಅಮ್ಮಾ. ಆದ್ರೆ ಜ್ವರ ಬಿಟ್ಟ ದಿನ ನನ್ನ ಬಸ್ಸಿಗೆ ಹತ್ಸಬೇಡಿ ಅಂತ ಇವರಿಗೆಲ್ಲ ಗೊತ್ತಾಯ್ತು."

ಈಗ ನಿಮಗೂ ಗೊತ್ತಾಯಿತು. ಈ ಸಲದ ಮಳೆಗಾಲದಲ್ಲಿ ಪಕ್ಕದ ರೂಮಿನವನಿಗೂ ಹೇಳಿ.